ಎರಡು ಸೆಂಟಿಮೀಟರ್ ಪ್ರಯಾಣಿಕನಿಗೆ ಬಣ್ಣ ಹಚ್ಚುವುದು ಹೇಗೆ?

ಪ್ಲಾಟ್‌ಫಾರ್ಮ್ ಮೇಲೆ ರೈಲಿಗೆ ಕಾಯುತ್ತಿರುವ ಈ ಪ್ರಯಾಣಿಕನ ಎತ್ತರ ಬರೀ 2 ಸೆಂಟಿಮೀಟರ್!

ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 2001ರಲ್ಲಿ ಶುರುವಾದ ಮಿನಿಯಾಟೂರ್ ವುಂಡರ್‌ಲಾಂಡ್ ಎಂಬ ಪುಟಾಣಿ ರೈಲು ಪ್ರದರ್ಶನದಲ್ಲಿ ಇಂಥ ಎರಡೂವರೆ ಲಕ್ಷಕ್ಕೂ ಹೆಚ್ಚು ಗೊಂಬೆಗಳಿವೆ. ಅಲ್ಲಿನ ಅಳತೆ ಎಚ್‌ಒ, ಅಂದರೆ ನಿಜ ಗಾತ್ರದ 87ರಲ್ಲಿ ಒಂದು ಪಾಲು.

ಬಣ್ಣ ಹಚ್ಚದ ಗೊಂಬೆಗಳನ್ನು ಪ್ರೈಸರ್‌ನಂಥ ಜರ್ಮನ್ ಕಂಪನಿಗಳು ಮಾರುತ್ತವೆ. ಮೊದಲ ಕೆಲಸ, ಸೋಪಿನ ನೀರಲ್ಲಿ ತೊಳೆಯುವುದು. ಅಚ್ಚಿನ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ. ಒಣಗಿದ ಮೇಲೆ ತೆಳುವಾಗಿ ಬೂದು ಪ್ರೈಮರ್. ಆಮೇಲೆ ನೀರು ಬೆರೆಸಿದ ಮ್ಯಾಟ್ ಅಕ್ರಿಲಿಕ್: ಮೊದಲು ಚರ್ಮ, ನಂತರ ಬಟ್ಟೆ, ಕೊನೆಗೆ ಕೂದಲು, ಬೂಟು, ಚೀಲ.

ಹೊಸಬರು ಎಡವುವುದು ಕಣ್ಣಿನಲ್ಲಿ. 87 ಪಟ್ಟು ಕುಗ್ಗಿದ ಕಣ್ಣಿನ ಅಗಲ ಅರ್ಧ ಮಿಲಿಮೀಟರೂ ಇರುವುದಿಲ್ಲ. ಅಲ್ಲಿ ಬಿಳಿ ಚುಕ್ಕೆ ಇಟ್ಟರೆ ಗೊಂಬೆ ದೆವ್ವ ಕಂಡವರಂತೆ ಕಣ್ಣರಳಿಸುತ್ತದೆ. ಅದಕ್ಕೇ ನುರಿತವರು ಹಲವೊಮ್ಮೆ ಕಣ್ಣು ಬರೆಯುವುದೇ ಇಲ್ಲ. ತೀರಾ ತೆಳುವಾದ ಕಂದು ಬಣ್ಣವನ್ನು ಮುಖದ ಮೇಲೆ ಹರಿಯಬಿಡುತ್ತಾರೆ. ಅದು ಕಣ್ಣಿನ ಗುಳಿ, ಮೂಗಿನ ಅಡಿ, ಕಾಲರಿನ ಮಡಿಕೆಯಲ್ಲಿ ನಿಂತು ನೆರಳಾಗುತ್ತದೆ. ಇದಕ್ಕೆ ‘ವಾಶ್’ ಎನ್ನುತ್ತಾರೆ.

ಅಪ್ಪಟ ಕಪ್ಪೂ ಬೇಡ, ಅಪ್ಪಟ ಬಿಳಿಯೂ ಬೇಡ. ಕಪ್ಪು ಕೋಟಿಗೆ ಗಾಢ ಬೂದು, ಬಿಳಿ ಅಂಗಿಗೆ ತುಸು ಕೆನೆಬಣ್ಣ. ಬ್ರಷ್‌ನಲ್ಲಿನ ಬಣ್ಣವನ್ನು ಬಟ್ಟೆಗೆ ಒರೆಸಿ, ಉಳಿದಷ್ಟನ್ನೇ ಭುಜ, ಮೊಣಕೈ ಮೇಲೆ ಸವರಿದರೆ ಬಿಸಿಲು ಬಿದ್ದಂತೆ ಕಾಣುತ್ತದೆ. ಕೊನೆಗೆ ಮ್ಯಾಟ್ ವಾರ್ನಿಷ್. ಹೊಳಪು ಉಳಿದರೆ ಪ್ಲಾಸ್ಟಿಕ್ಕಿನ ಗುಟ್ಟು ರಟ್ಟು!

ಮೊದಲ ಸಲ ಬ್ರಷ್ ಹಿಡಿಯುವವರು ಹಿಂದಿನ ಸಾಲಿನ ಗೊಂಬೆಗಳಿಂದ ಶುರು ಮಾಡಿ. ಮುಂದಿನ ಸಾಲಿನವರ ಸರದಿ ಕೈ ಪಳಗಿದ ಮೇಲೆ ಬರಲಿ.