ಮನೆಯ ಫ್ರಿಜ್ಜಿನಲ್ಲಿದ್ದ ಸೀರಂ

1986ರ ಆರಂಭದಲ್ಲಿ ಮದರಾಸಿನ ಒಂದು ಮನೆಯ ಫ್ರಿಜ್ಜಿನಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿಯ ರಕ್ತದಿಂದ ತೆಗೆದ ಸೀರಂ ಇತ್ತು. ಇಡಲು ಬೇರೆ ಜಾಗವಿರಲಿಲ್ಲ. ಆ ಮನೆಯಾಕೆ ಮದರಾಸು ಮೆಡಿಕಲ್ ಕಾಲೇಜಿನ ಸೂಕ್ಷ್ಮಜೀವಿಶಾಸ್ತ್ರದ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ. ವಯಸ್ಸು ಮೂವತ್ತೆರಡು.

ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದ ನಿರ್ಮಲಾಗೆ ಏಡ್ಸ್ ಸೋಂಕಿಗಾಗಿ ರಕ್ತ ಪರೀಕ್ಷಿಸಿ ನೋಡು ಎಂದವರು ಪ್ರಾಧ್ಯಾಪಕಿ ಸುನೀತಿ ಸೊಲೊಮನ್. ಇದು ಪರದೇಶದ ಕಾಯಿಲೆ, ನಮ್ಮ ಕಡೆ ಎಲ್ಲಿಂದ ಬರಬೇಕು ಎಂದು ಜನ ನಂಬಿದ್ದ ಕಾಲ. ಮಡಿವಂತ ಮನೆತನದಲ್ಲಿ ಬೆಳೆದ ನಿರ್ಮಲಾ ಹಿಂದೇಟು ಹಾಕಿದರು. ಧೈರ್ಯ ತುಂಬಿದ್ದು ಗಂಡ ರಾಮಮೂರ್ತಿ. ಬಸ್ಸಿನ ದುಡ್ಡು ಉಳಿಯಲಿ ಎಂದು ತಮ್ಮ ಸ್ಕೂಟರಿನಲ್ಲೇ ಅವರು ಹೆಂಡತಿಯನ್ನು ವಿಜಿಲೆನ್ಸ್ ಹೋಮ್‌ಗೆ ಬಿಟ್ಟುಬರುತ್ತಿದ್ದರು. ಪೊಲೀಸರು ಹಿಡಿದು ತಂದ ಲೈಂಗಿಕ ವೃತ್ತಿಯ ಮಹಿಳೆಯರನ್ನು ಇಡುತ್ತಿದ್ದ ಜಾಗ ಅದು. ಕೈಗವಸಿಲ್ಲದೆಯೇ ನಿರ್ಮಲಾ ಅವರಿಂದ ರಕ್ತ ತೆಗೆದರು.

ಮದರಾಸಿನಲ್ಲಿ ಈ ಸೋಂಕು ಪತ್ತೆಹಚ್ಚುವ ಎಲೈಸಾ ಪರೀಕ್ಷೆಯ ಸೌಕರ್ಯ ಇರಲಿಲ್ಲ. ಫೆಬ್ರುವರಿಯ ಒಂದು ರಾತ್ರಿ ಗಂಡ ಹೆಂಡತಿ ಸೀರಮ್ಮನ್ನು ಐಸ್‌ಬಾಕ್ಸಿನಲ್ಲಿಟ್ಟುಕೊಂಡು ಕಾಟ್ಪಾಡಿಯ ರೈಲು ಹತ್ತಿದರು. ಅಲ್ಲಿಂದ ಆಟೋದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ಜೇಕಬ್ ಜಾನ್ ಅವರ ವೈರಾಣು ವಿಭಾಗ. ಆರು ಮಾದರಿಗಳು ಬಣ್ಣ ತಿರುಗಿದವು, ಅಂದರೆ ಅವುಗಳಲ್ಲಿ ಸೋಂಕಿನ ಗುರುತಿತ್ತು. ಖಾತ್ರಿಗಾಗಿ ಮತ್ತೆ ರಕ್ತ ತೆಗೆದು ಅಮೆರಿಕಕ್ಕೆ ಕಳಿಸಿದರು. ಉತ್ತರ ಬದಲಾಗಲಿಲ್ಲ. ಏಡ್ಸ್ ತರುವ ವೈರಾಣು ಎಚ್‌ಐವಿ ಭಾರತದಲ್ಲಿದೆ ಎಂಬುದು ದೇಶಕ್ಕೆ ತಿಳಿದದ್ದು ಹೀಗೆ.

ಈ ಕಥೆಯನ್ನು ಸಾಹಸಗಾಥೆಯಾಗಿ ಹೇಳುವುದು ಸುಲಭ. ಆದರೆ ಅದರೊಳಗೆ ಎರಡು ಮುಳ್ಳುಗಳಿವೆ. ತಮ್ಮ ರಕ್ತವನ್ನು ಯಾವ ಕಾಯಿಲೆಗಾಗಿ ಪರೀಕ್ಷಿಸುತ್ತಿದ್ದಾರೆಂದು ವಿಜಿಲೆನ್ಸ್ ಹೋಮಿನ ಹೆಂಗಸರಿಗೆ ಯಾರೂ ಹೇಳಿರಲಿಲ್ಲ. ಇವತ್ತಾದರೆ ಯಾವ ನೈತಿಕ ಸಮಿತಿಯೂ ಇದಕ್ಕೆ ಒಪ್ಪುವುದಿಲ್ಲ. ಇನ್ನೊಂದು, ನಿರ್ಮಲಾ ಅವರದೇ ಮುಂದಿನ ದಾರಿ. 1987ರಲ್ಲಿ ಪ್ರಬಂಧ ಒಪ್ಪಿಸಿ, ಪರೀಕ್ಷೆ ಪಾಸಾಗಿ, ಅವರು ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟಿನ ಲಸಿಕೆ ವಿಭಾಗದ ಕೆಲಸಕ್ಕೆ ಸೇರಿಕೊಂಡರು. ಇಷ್ಟು ದೊಡ್ಡ ಸುಳಿವು ಹಿಡಿದವರಿಗೆ ಅದರ ಬೆನ್ನು ಹತ್ತಿ ಹೋಗಲು ಏಣಿಯೇ ಇರಲಿಲ್ಲ.

ಅಂಥ ಒಂದು ಏಣಿ ಮರುವರ್ಷವೇ ಬಂತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಅಂಗವಾದ ಫೋಗಾರ್ಟಿ ಕೇಂದ್ರ 1988ರಲ್ಲಿ ಬಡ ದೇಶಗಳ ಸಂಶೋಧಕರಿಗೆ ಏಡ್ಸ್ ತರಬೇತಿ ಕಾರ್ಯಕ್ರಮ ತೆರೆಯಿತು. ಅಲ್ಲಿನ ವಿಶ್ವವಿದ್ಯಾಲಯಗಳು ಇಲ್ಲಿನ ಸಂಸ್ಥೆಗಳ ಜೊತೆ ಕೈಜೋಡಿಸಬೇಕು, ಕಲಿತವರು ತಮ್ಮ ನೆಲದ ಕಾಯಿಲೆಯ ಮೇಲೆ ಕೆಲಸ ಮಾಡಬೇಕು ಎಂಬುದು ಅದರ ಆಶಯ. ಹೊರಗೆ ಕಲಿತು ಊರಿನಲ್ಲಿ ದುಡಿಯುವ ಆ ದಾರಿ ಸುನೀತಿಗೆ ಹೊಸದಲ್ಲ: ಅವರು ಸ್ವತಃ ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಪಳಗಿ 1973ರಲ್ಲಿ ಊರಿಗೆ ಮರಳಿದ್ದವರು. 1993ರಲ್ಲಿ ತಂದೆಯ ಹೆಸರಿನಲ್ಲಿ ವೈ.ಆರ್.ಜಿ. ಕೇರ್ ಎಂಬ ಏಡ್ಸ್ ಚಿಕಿತ್ಸಾ ಕೇಂದ್ರ ಕಟ್ಟಿದರು. ಚಿಕಿತ್ಸೆಯ ಬಾಗಿಲು ತೆರೆದಲ್ಲೇ ಸಂಶೋಧನೆಗೂ ಜಾಗವಾಯಿತು.

ಪಾಲುದಾರಿಕೆ ಏನು ಕೊಡಬಲ್ಲದು ಎಂಬುದಕ್ಕೆ ಎಚ್‌ಪಿಟಿಎನ್ 052 ಎಂಬ ಅಧ್ಯಯನವನ್ನು ನೋಡಬೇಕು. ಗಂಡ ಹೆಂಡಿರಲ್ಲಿ ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದಿದ್ದರೆ, ಸೋಂಕಿತರಿಗೆ ಬೇಗ ಔಷಧ ಕೊಟ್ಟು ಇನ್ನೊಬ್ಬರನ್ನು ಕಾಪಾಡಬಹುದೇ? ಒಂದೇ ಊರಿನಲ್ಲಿ ಕುಳಿತು ಇದನ್ನು ಬಿಡಿಸಲಾಗದು, ಬೇಕಾದಷ್ಟು ಜೋಡಿಗಳೇ ಸಿಗುವುದಿಲ್ಲ. 9 ದೇಶಗಳ 13 ಕೇಂದ್ರಗಳಲ್ಲಿ 1,763 ಜೋಡಿಗಳು ಸೇರಿದವು. ಚೆನ್ನೈನ, ಅಂದರೆ ಹಳೆಯ ಮದರಾಸಿನ, ವೈ.ಆರ್.ಜಿ. ಕೇರ್ ಕೂಡ ಅಂಥ ಒಂದು ಕೇಂದ್ರ. 2011ರಲ್ಲಿ ಬಂದ ಉತ್ತರ: ಬೇಗ ಔಷಧ ಶುರುಮಾಡಿದರೆ ಸಂಗಾತಿಗೆ ಸೋಂಕು ದಾಟುವುದು ಶೇ. 96ರಷ್ಟು ತಗ್ಗುತ್ತದೆ. ಇಪ್ಪತ್ತೈದು ವರ್ಷಗಳ ಹಿಂದೆ ಖಾತ್ರಿಗಾಗಿ ರಕ್ತವನ್ನು ಹೊರದೇಶಕ್ಕೆ ಕಳಿಸಿದ್ದ ಊರು ಈಗ ಲೋಕಕ್ಕೇ ಉತ್ತರ ಕೊಟ್ಟವರ ಸಾಲಿನಲ್ಲಿತ್ತು.

ಹಾಗೆಂದು ಇಂಥ ನಂಟುಗಳೆಲ್ಲ ಸಮಪಾಲಿನವು ಎನ್ನಲಾಗದು. ಹಣ ಬರುವ ಕಡೆಯಿಂದಲೇ ಪ್ರಶ್ನೆಯೂ ಬರುವುದು ರೂಢಿ. ಹೊರದೇಶದವರೊಂದಿಗಿನ ಆರೋಗ್ಯ ಸಂಶೋಧನೆಗೆ ನಮ್ಮಲ್ಲಿ ಕೇಂದ್ರ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು. ಅದು ತಡ ಮಾಡುತ್ತದೆ ಎಂದು ಗೊಣಗುವವರಿದ್ದಾರೆ. ನನಗಂತೂ ಆ ತಡ ಅಷ್ಟು ಕೆಟ್ಟದ್ದೆನಿಸುವುದಿಲ್ಲ. ಸಂಶೋಧನೆಗೆ ಹೊರಡುವ ಹೆಣ್ಣುಮಕ್ಕಳಿಗೆ ಎದುರಾಗುವ ತಡೆಗಳಿಗೆ ಮಾತ್ರ ಯಾವ ಸಮಿತಿಯ ಮುದ್ರೆಯೂ ಇರುವುದಿಲ್ಲ. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಎರಡು ವರ್ಷ ಪರದೇಶದಲ್ಲಿದ್ದರೆ ಅತ್ತೆ ಏನೆಂದಾರು ಎಂಬ ಪ್ರಶ್ನೆಗಳಿಗೆ ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಕಾಲಂ ಇಲ್ಲ. ಎಲ್ಲರಿಗೂ ರಾಮಮೂರ್ತಿಯವರ ಸ್ಕೂಟರ್ ಸಿಗುವುದಿಲ್ಲ.

ಹೆಂಗಸರಿಗೆ ಹೇಳದೆ ರಕ್ತ ಪರೀಕ್ಷಿಸಿದ ಆ ಮೊದಲ ಮುಳ್ಳಿಗೆ ಸ್ವಲ್ಪಮಟ್ಟಿನ ಉತ್ತರ ನಮ್ಮ ಮೈಸೂರಿನಲ್ಲೇ ಇದೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ನೆರವಿನಿಂದ 2004ರಲ್ಲಿ ಇಲ್ಲಿ ಶುರುವಾದ ಕೆಲಸ ಆಶೋದಯ ಸಮಿತಿಯಾಗಿ ಬೆಳೆಯಿತು. ಅದನ್ನು ನಡೆಸುವವರು ಲೈಂಗಿಕ ವೃತ್ತಿಯಲ್ಲಿರುವವರೇ. ಎಚ್‌ಐವಿ ಬಾರದಂತೆ ಮೊದಲೇ ನುಂಗುವ ಮಾತ್ರೆಯ ಪ್ರಯೋಗ ಮೈಸೂರಿನಲ್ಲಿ ನಡೆದಾಗ ಅದನ್ನು ಮುನ್ನಡೆಸಿದ್ದು ಈ ಸಮಿತಿ. ಬೇರೆ ಊರುಗಳ ಲೈಂಗಿಕ ವೃತ್ತಿಯವರು ಇಲ್ಲಿಗೆ ಬಂದು ಕಲಿತು ಹೋಗುತ್ತಾರೆ. ತರಬೇತಿ ಕೊಡುವವರು ಮೈಸೂರಿನ ಇದೇ ಸಮಿತಿಯವರು.