ಅಗ್ಗದ ಯಂತ್ರವೂ ಮನೆಯ ಮರಗೆಲಸವೂ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುಚ್ಛಕ್ತಿ ಮೊದಲು ಹರಿದುದು ಕೋಲಾರದ ಚಿನ್ನದ ಗಣಿಗಳಿಗೆ, 1905ರಲ್ಲಿ ಬೆಂಗಳೂರಿಗೆ. ಗಣಿಯನ್ನು ನಡೆಯಿಸಿದ ಆ ಶಕ್ತಿ ಇಂದು ನಮ್ಮ ಮನೆಗಳ ಜಗಲಿಯ ಮೇಲೆ ಬೈರಿಗೆಯನ್ನು ತಿರುಗಿಸುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿಗಳ ಹಾರ್ಡ್‌ವೇರ್ ಅಂಗಡಿಗೆ ಹೋದರೆ ನೋಟಕ್ಕೆ ಒಂದೇ ಬಗೆಯ ಎರಡು ಡ್ರಿಲ್ಲುಗಳು ಸಿಕ್ಕುತ್ತವೆ. ಬೆಲೆಯಲ್ಲಿ ಮಾತ್ರ ಬಹಳ ಅಂತರ. ಬಿಡುವಿನ ವೇಳೆಯಲ್ಲಿ ಮಣೆಯನ್ನೋ ಪುಸ್ತಕದ ಗೂಡನ್ನೋ ಮಾಡಿಕೊಳ್ಳುವವರು ಯಾವುದನ್ನು ಕೊಳ್ಳಬೇಕು?

ಮೊದಲು, ಅಗ್ಗವಾದುದು ಏಕೆ ಅಗ್ಗ ಎಂಬುದನ್ನು ತಿಳಿಯೋಣ. ಯಂತ್ರದ ಒಳಗೆ ಮೋಟಾರು, ಹಲ್ಲುಚಕ್ರ, ಬೇರಿಂಗು ಎಂಬ ಮೂರು ಮುಖ್ಯ ಅಂಗಗಳಿವೆ. ಬೆಲೆ ಇಳಿಸಬೇಕಾದವನು ತಂತಿಯ ಸುತ್ತಿನಲ್ಲಿ ತಾಮ್ರಕ್ಕೆ ಬದಲಾಗಿ ಅಲ್ಯೂಮಿನಿಯಮ್ಮನ್ನೂ, ಗುಂಡಿನ ಬೇರಿಂಗಿಗೆ ಬದಲಾಗಿ ಬರಿಯ ಬುಷ್ಷನ್ನೂ ಹಾಕಬಲ್ಲನು. ಹೊರಗಿನ ಬಣ್ಣ ಇದನ್ನು ಹೇಳುವುದಿಲ್ಲ. ಬೇಗನೆ ಏರುವ ಬಿಸಿಯೂ ಅಲುಗಾಡುವ ಮೂತಿಯೂ ಹೇಳುತ್ತವೆ.

ಎರಡನೆಯದು ವೋಲ್ಟೇಜು. ನಮಗೆ ಸಲ್ಲಬೇಕಾದುದು 230 ವೋಲ್ಟು. ಸುತ್ತಲಿನ ಪಂಪುಸೆಟ್ಟುಗಳೆಲ್ಲ ಒಮ್ಮೆಗೇ ನಡೆದಾಗ ಅದು 180ಕ್ಕೆ ಇಳಿಯಿತೆಂದು ಇಟ್ಟುಕೊಳ್ಳಿ. ಇಂಥ ಮೋಟಾರು ಸಿಕ್ಕಿಕೊಂಡು ನಿಂತಾಗ ಅದರ ತಿರುಗುಬಲ ಹೆಚ್ಚುಕಡಮೆ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ಆದುದರಿಂದ ಐದು ಪಾಲಿನಲ್ಲಿ ಮೂರು ಪಾಲಷ್ಟೇ ಉಳಿಯುತ್ತದೆ. ಒಣಗಿದ ಜಾಲಿಯ ತುಂಡಿನಲ್ಲಿ ಬೈರಿಗೆ ಕಚ್ಚಿಕೊಂಡರೆ ಮೋಟಾರು ನಿಲ್ಲುತ್ತದೆ. ಗುಂಡಿಯನ್ನು ಒತ್ತಿಯೇ ಇದ್ದರೆ ಸುಡುತ್ತದೆ. ತೆಳುವಾದ, ಉದ್ದನೆಯ ಎಕ್ಸ್‌ಟೆನ್ಷನ್ ತಂತಿ ಈ ಕಷ್ಟವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಹಾಗೆಂದು ಅಗ್ಗದ್ದೆಲ್ಲ ತ್ಯಾಜ್ಯವಲ್ಲ. ವರ್ಷಕ್ಕೆ ಹತ್ತಾರು ಗಂಟೆ ಮಾತ್ರ ದುಡಿಯುವ ಡ್ರಿಲ್ಲಿಗೆ, ಮರಳುಕಾಗದ ಉಜ್ಜುವ ಸ್ಯಾಂಡರಿಗೆ ಹೆಚ್ಚು ಹಣ ಸುರಿಯಬೇಕಾದುದಿಲ್ಲ. ಇವು ಕೆಟ್ಟರೆ ಹೋಗುವುದು ಬಹುಮಟ್ಟಿಗೆ ಹಣ. ದಿನವೂ ದುಡಿಯುವ ಬಡಗಿಯ ಲೆಕ್ಕ ಬೇರೆ; ಅವನ ಯಂತ್ರ ನಿಂತ ದಿನ ಕೂಲಿಯೂ ನಿಲ್ಲುತ್ತದೆ.

ಆದರೆ ಕೊಯ್ಯುವ ಯಂತ್ರದಲ್ಲಿ ಪಣಕ್ಕಿರುವುದು ಬೆರಳು. ಅಲ್ಲಿ ಅಗ್ಗವನ್ನು ಹುಡುಕಬಾರದು. ಕಲ್ಲು ಕೊಯ್ಯುವ ಕಟ್ಟರಿಗೋ ಗ್ರೈಂಡರಿಗೋ ಮರದ ಬ್ಲೇಡನ್ನು ಹಾಕಿ ಹಲಗೆ ಸೀಳುವ ಪದ್ಧತಿ ಅನೇಕ ಕಡೆ ಇದೆ. ನಾಲ್ಕಂಗುಲದ ಈ ಯಂತ್ರಗಳು ನಿಮಿಷಕ್ಕೆ ಹತ್ತು ಸಾವಿರಕ್ಕೂ ಮಿಕ್ಕಿ ಸುತ್ತುತ್ತವೆ. ಬ್ಲೇಡಿನ ಮೇಲೆ ಕೊರೆದಿರುವ ಗರಿಷ್ಠ ವೇಗ ಅದಕ್ಕಿಂತ ಕಡಮೆಯಾಗಿದ್ದರೆ ಬ್ಲೇಡು ಸಿಡಿಯಬಹುದು. ಹಲ್ಲು ಮರಕ್ಕೆ ಸಿಕ್ಕಿದರೆ ಯಂತ್ರವೇ ಮೈಮೇಲೆ ಎಗರಬಹುದು. ಗ್ರೈಂಡರನ್ನು ಮರಕ್ಕೆ ಬಳಸಲೇ ಬೇಡಿ. ಕಾಪುತಟ್ಟೆಯಿಲ್ಲದ ಗರಗಸವನ್ನು ಉಚಿತವಾಗಿ ಕೊಟ್ಟರೂ ಬೇಡ.

ಕೊಳ್ಳುವಾಗ ಅಂಗಡಿಯಲ್ಲೇ ಪ್ಲಗ್ಗಿಗೆ ಹಾಕಿ ಒಂದೆರಡು ನಿಮಿಷ ಓಡಿಸಿ ನೋಡಿರಿ. ಮೂತಿ ಅಲುಗುತ್ತದೆಯೇ, ಸುಟ್ಟ ವಾಸನೆ ಬರುತ್ತದೆಯೇ ಗಮನಿಸಿ. ಸವೆಯುವ ಕಾರ್ಬನ್ ಬ್ರಷ್ಷು ನಮ್ಮ ಪೇಟೆಯಲ್ಲೇ ಸಿಕ್ಕುವುದೇ ಎಂದು ಕೇಳಿ. ಬಿಡಿಭಾಗ ಸಿಕ್ಕದ ಯಂತ್ರ ಎಷ್ಟು ಅಗ್ಗವಾದರೂ ದುಬಾರಿಯೇ. ಎರಡೇ ಪಿನ್ನಿನ ತಂತಿಯಿದ್ದರೆ, ಇಮ್ಮಡಿ ನಿರೋಧಕದ ಗುರುತಾದ ಚೌಕದೊಳಗಿನ ಚೌಕ ಮುದ್ರಿತವಾಗಿರಬೇಕು. ಬಿಲ್ಲನ್ನು ಜೋಪಾನವಾಗಿಡಿ.

ಕೆಲಸಕ್ಕೆ ನಿಂತಾಗ ಹೆಗಲ ಮೇಲಿನ ವಸ್ತ್ರವನ್ನು ತೆಗೆದಿಡಿ; ಕಣ್ಣಿಗೆ ಕನ್ನಡಕವೂ ಮೂಗಿಗೆ ಮುಸುಕೂ ಇರಲಿ. ಮರದ ಧೂಳು ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿಯೇ ಸಾರಿದೆ.

ಹೊಸಬರಿಗೆ ಒಂದು ಮಾತು. ಒಳ್ಳೆಯ ಗರಗಸ, ಎರಡು ಉಳಿ, ಒಂದು ಕೊಡತಿ, ಒಂದು ಉಜ್ಜುಗೊರಡು, ಒಂದು ಮೂಲೆಮಟ್ಟ, ಇವಿಷ್ಟನ್ನು ಮೊದಲು ಕೊಳ್ಳಿ. ಮರದ ಎಳೆ ಯಾವ ಕಡೆಗೆ ಓಡುತ್ತದೆಂಬುದನ್ನು ಇವು ಕೈಗೆ ಕಲಿಸುತ್ತವೆ. ಆ ಪಾಠವಾದ ಮೇಲೆ ಕೊಂಡ ಯಂತ್ರ ಅಗ್ಗದ್ದಾದರೂ ಕೆಲಸ ಚೊಕ್ಕಟವಾಗುತ್ತದೆ.