ತೊಡೆಮೂಳೆಯ ಒಳದಾರಿ

ಮಗನ ಮುರಿದ ತೊಡೆಮೂಳೆಗೆ ರಾಡ್ ಹಾಕುವಾಗ ನರ, ರಕ್ತನಾಳ ಕತ್ತರಿಸಿಹೋದರೆ ಗತಿಯೇನು ಎಂದು ಓದುಗರೊಬ್ಬರು ಕೇಳಿದ್ದಾರೆ. ಆತಂಕ ಸಹಜವೇ. ತೊಡೆಯ ಮುಖ್ಯ ಅಪಧಮನಿ ತೊಡೆಸಂದಿಯಿಂದ ಒಳಮಗ್ಗುಲಾಗಿ ಇಳಿದು ಮಂಡಿಯ ಹಿಂದಕ್ಕೆ ಹೊರಳುತ್ತದೆ. ಹಿಂಬದಿಯಲ್ಲಿ ಬೆರಳು ಗಾತ್ರದ ಸಯಾಟಿಕ್ ನರವಿದೆ. ದೊಡ್ಡ ನರ-ನಾಳಗಳ ಕಾಟವಿಲ್ಲದ್ದು ಹೊರಮಗ್ಗುಲು. ಪ್ಲೇಟ್ ಕೂರಿಸುವವರು ಸಾಮಾನ್ಯವಾಗಿ ಅಲ್ಲಿಂದಲೇ ಒಳಹೋಗುತ್ತಾರೆ.

ಇದಕ್ಕಿಂತ ಜಾಣ ದಾರಿ ಹುಡುಕಿದವರು ಜರ್ಮನಿಯ ಶಸ್ತ್ರವೈದ್ಯ ಗೆರ್ಹಾರ್ಡ್ ಕುಂಟ್‌ಷರ್. ಬೆಂಗಳೂರಿನ ಚಿಕ್ಕಪೇಟೆಯ ಬೀದಿ ಅಗೆದರೆ ನೀರಿನ ಪೈಪು, ಕರೆಂಟಿನ ಕೇಬಲ್ಲು ಎಲ್ಲಕ್ಕೂ ಪೆಟ್ಟು. ಅದಕ್ಕೇ ಮೆಟ್ರೊ ಅಲ್ಲಿ ಸುರಂಗ ಕೊರೆದುಕೊಂಡು ಹೋಯಿತು. ಮೂಳೆಯ ನಡುವಿನ ಮಜ್ಜೆಯ ಪೊಳ್ಳೂ ಅಂಥದೇ ಸುರಂಗ. 1939ರಲ್ಲಿ ಕೀಲ್ ನಗರದಲ್ಲಿ ಅವರು ಸೊಂಟದ ಬಳಿ ಸಣ್ಣ ಗಾಯ ಮಾಡಿ, ಮೂಳೆಯೊಳಕ್ಕೆ ಉದ್ದನೆಯ ಉಕ್ಕಿನ ಮೊಳೆ ಇಳಿಸಿದರು. ಮುರಿದ ಜಾಗವನ್ನು ಬಿಚ್ಚಲೇ ಇಲ್ಲ! ಮರುವರ್ಷ ಬರ್ಲಿನ್ನಿನ ಶಸ್ತ್ರವೈದ್ಯರ ಸಭೆಯಲ್ಲಿ ಇದನ್ನು ಮಂಡಿಸಿದಾಗ, ಮಜ್ಜೆ ಹಾಳಾಗುತ್ತದೆ ಎಂದು ಹಿರಿಯರು ಹರಿಹಾಯ್ದರು. ಎರಡನೇ ಮಹಾಯುದ್ಧ ಮುಗಿದು ಜರ್ಮನರ ಸೆರೆಯಿಂದ ಊರಿಗೆ ಮರಳಿದ ಅಮೆರಿಕದ ಸೈನಿಕರ ಎಕ್ಸ್‌ರೇಯಲ್ಲಿ ಆ ಮೊಳೆ ಕಂಡು ಅಲ್ಲಿನ ವೈದ್ಯರು ಬೆರಗಾದರು. ಇಂದಿನ ರಾಡ್ ಅದರದೇ ಸಂತಾನ.

ಹಾಗೆಂದು ಅಪಾಯ ಪೂರ್ತಿ ತಪ್ಪಿಲ್ಲ. ರಾಡನ್ನು ಬಿಗಿಯುವ ಸ್ಕ್ರೂಗಳಿಗೆ ಮೂಳೆಯನ್ನು ಅಡ್ಡಡ್ಡ ಕೊರೆಯಬೇಕು. ಆಚೆ ಬದಿ ದಾಟುವ ಕ್ಷಣಕ್ಕೆ ಡ್ರಿಲ್ಲಿನ ಸದ್ದು ಬದಲಾಗುತ್ತದೆ; ನುರಿತ ಕೈ ಥಟ್ಟನೆ ನಿಲ್ಲಿಸುತ್ತದೆ. ನಿಲ್ಲಿಸದೆ ನುಗ್ಗಿಸಿದರೆ ಎದುರಿನ ನಾಳಕ್ಕೇ ಚುಚ್ಚೀತು. ಮಂಡಿಯ ಸಮೀಪ ಮುರಿದಿದ್ದರೆ ಮೀನಖಂಡದ ಸ್ನಾಯು ಕೆಳತುಂಡನ್ನು ಹಿಂದಕ್ಕೆ, ಅಪಧಮನಿಯತ್ತಲೇ ಎಳೆಯುತ್ತದೆ. ಅದಕ್ಕೇ ಮಂಡಿಯಡಿ ಒತ್ತು ಕೊಟ್ಟು ಕಾಲನ್ನು ತುಸು ಮಡಿಚಿಡುತ್ತಾರೆ. ಕಾಲೆಳೆದು ಕಟ್ಟುವ ಟೇಬಲ್ಲಿನಲ್ಲಿ ತೊಡೆಸಂದಿಗೆ ಒತ್ತುವ ಕಂಬವೂ ನರಕ್ಕೆ ಪೆಟ್ಟು ಕೊಡಬಲ್ಲದು. ಅದಕ್ಕೆ ದಪ್ಪ ಮೆತ್ತೆ ಸುತ್ತಬೇಕು, ಎಳೆತವನ್ನು ಬೇಗ ಸಡಿಲಿಸಬೇಕು.

ಇಷ್ಟೆಲ್ಲ ಯಂತ್ರಗಳಿದ್ದರೂ ಮೊದಲ ಕಾವಲು ಪಾದದ ನಾಡಿ ನೋಡುವ ಬೆರಳೇ. ಬಿದ್ದ ಏಟಿಗೇ ನಾಳ ಹರಿದಿರಬಹುದು. ಆದ್ದರಿಂದ ಆಪರೇಷನ್ನಿಗೆ ಮೊದಲೂ ಆಮೇಲೂ ಎರಡೂ ಪಾದಗಳ ನಾಡಿ ಹೋಲಿಸಬೇಕು, ಕಾಲ್ಬೆರಳು ಆಡಿಸಲು ಹೇಳಿ ನೋಡಬೇಕು. ಕಾಲಿನ ಹರಡಿನ ರಕ್ತದೊತ್ತಡ ತೋಳಿನದರ 0.9 ಪಟ್ಟಿಗಿಂತ ಇಳಿದಿದ್ದರೆ ಸಿಟಿ ಆಂಜಿಯೋಗ್ರಾಂ ಬೇಕು. ರಕ್ತ ಹರಿಯದೆ ಸುಮಾರು 6 ಗಂಟೆ ಕಳೆದರೆ ಸ್ನಾಯು ಸಾಯತೊಡಗುತ್ತದೆ. ಪಾದ ತಣ್ಣಗಾಗಿದ್ದರೆ, ಬೆರಳು ಜೋಮು ಹಿಡಿದಿದ್ದರೆ ಬೆಳಗಿನ ರೌಂಡ್ಸ್‌ಗೆ ಕಾಯಬೇಡಿ. ನಡುರಾತ್ರಿಯಾದರೂ ಡಾಕ್ಟರನ್ನು ಕರೆಸಿ.